ಟಾಮ್ ಜಾನ್‌ಸ್ಟನ್: ಅಧಿಕಾರ ಮತ್ತು ಪ್ರಾದೇಶಿಕ ಹಿತ

ಸ್ಕಾಟ್ಲೆಂಡಿನ ಕರ್ಕಿಂಟಿಲಾಕ್‌ನಲ್ಲಿ 1881ರಲ್ಲಿ ಜನಿಸಿದ ಟಾಮ್ ಜಾನ್‌ಸ್ಟನ್ 1906ರಲ್ಲಿ ‘ಫಾರ್ವರ್ಡ್’ ಎಂಬ ಸಮಾಜವಾದಿ ವಾರಪತ್ರಿಕೆಯನ್ನು ಆರಂಭಿಸಿದರು. 1909ರ ಕೃತಿಯೊಂದರಲ್ಲಿ ಶ್ರೀಮಂತ ಮನೆತನಗಳ ಭೂಒಡೆತನದ ಮೂಲವನ್ನೇ ಪ್ರಶ್ನಿಸಿದರು. 1922ರಲ್ಲಿ ಲೇಬರ್ ಪಕ್ಷದಿಂದ ಸಂಸತ್ತನ್ನು ಪ್ರವೇಶಿಸಿದ ಅವರು, ಮುಂದೆ ಡಂಡೀ ನಗರದ ಪ್ರತಿನಿಧಿಯಾಗಿ ಭಾರತಕ್ಕೆ ಬಂದು ಸೆಣಬು ಗಿರಣಿಗಳ ಕಾರ್ಮಿಕರ ಶೋಷಣೆಯನ್ನು ವರದಿ ಮಾಡಿದರು.

1941ರಲ್ಲಿ ಚರ್ಚಿಲ್ ಅವರ ಸಮ್ಮಿಶ್ರ ಸರ್ಕಾರದಲ್ಲಿ ಸ್ಕಾಟ್ಲೆಂಡಿನ ಸಚಿವರಾದ ಜಾನ್‌ಸ್ಟನ್, 1943ರ ಕಾಯ್ದೆಯ ಮೂಲಕ ಉತ್ತರ ಸ್ಕಾಟ್ಲೆಂಡಿಗೆ ಜಲವಿದ್ಯುತ್ ಮಂಡಳಿಯನ್ನು ರೂಪಿಸಿದರು. ಭೂಮಾಲೀಕರ ವಿರೋಧವಿದ್ದರೂ ಗುಡ್ಡಗಾಡಿನ ದೂರದ ಮನೆಗಳಿಗೆ ಬೆಳಕು ತಲುಪಿಸುವುದು ಅದರ ಗುರಿಯಾಗಿತ್ತು. 1959ರವರೆಗೆ ಅದರ ಅಧ್ಯಕ್ಷತೆಯನ್ನು ನಿರ್ವಹಿಸಿದ ಅವರು 1965ರಲ್ಲಿ ನಿಧನರಾದರು. ಪ್ರತ್ಯೇಕ ಸಂಸತ್ತಿಲ್ಲದ ಕಾಲದಲ್ಲಿ, ಕೇಂದ್ರದ ಅಧಿಕಾರವನ್ನೇ ಪ್ರದೇಶದ ಹಿತಕ್ಕೆ ತಿರುಗಿಸಿದುದು ಅವರ ರಾಜಕಾರಣದ ಮುಖ್ಯ ಸಾಧನೆ.