ಫ್ಲಾರೆನ್ಸ್ ನೈಟಿಂಗೇಲ್: ಕಲಿಯಲು ಬಂದವರನ್ನು ದುಡಿಸಿಕೊಂಡ ವಾರ್ಡು

ಕೋಲಾರದ ಟಮಕದ ಕಾಲೇಜಿರಲಿ, ರಾಜ್ಯದ ಬೇರೆ ಯಾವುದೇ ಕಾಲೇಜಿರಲಿ, ನರ್ಸಿಂಗ್ ಸೇರಿದವರಿಗೆ ಮೊದಲ ವರ್ಷವೇ ಕೈಗೆ ದೀಪ ಕೊಟ್ಟು ನೈಟಿಂಗೇಲ್ ಹೆಸರಿನ ಪ್ರತಿಜ್ಞೆ ಮಾಡಿಸ್ತಾರೆ. ತಮಾಷೆ ಏನಂದ್ರೆ, ಆ ಪ್ರತಿಜ್ಞೆ ನೈಟಿಂಗೇಲ್ ಬರೆದದ್ದೇ ಅಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲಿಸ್ಟ್ರಾ ಗ್ರೆಟರ್ ಮತ್ತು ಸಂಗಡಿಗರು ಬರೆದದ್ದು. ವೈದ್ಯರಿಗೆ ನಿಷ್ಠೆಯಿಂದ ನೆರವಾಗುವ ಮಾತು ಅದರಲ್ಲಿದೆ. ನೈಟಿಂಗೇಲ್ ಕಟ್ಟಿದ ವ್ಯವಸ್ಥೆಯಲ್ಲಿ ನರ್ಸ್ ಉತ್ತರ ಕೊಡಬೇಕಿದ್ದದ್ದು ಮೇಟ್ರನ್‌ಗೆ.

ಹುಟ್ಟಿದ್ದು 1820ರ ಮೇ 12, ಇಟಲಿಯ ಫ್ಲಾರೆನ್ಸ್‌ನಲ್ಲಿ, ಶ್ರೀಮಂತ ಇಂಗ್ಲಿಷ್ ಮನೆತನದಲ್ಲಿ. ಆಸ್ಪತ್ರೆ ಕೆಲಸಕ್ಕೆ ಹೋಗ್ತೀನಿ ಅಂದಾಗ ಮನೆಯವರು ಒಪ್ಪಲಿಲ್ಲ. 1851ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್‌ಗೆ ಹೋಗಿ ಸುಮಾರು ಮೂರು ತಿಂಗಳು ಕಲಿತರು. ಆಕೆಗೆ ಸಿಕ್ಕ ವ್ಯವಸ್ಥಿತ ತರಬೇತಿ ಹೆಚ್ಚುಕಡಿಮೆ ಅಷ್ಟೇ. 1854ರಲ್ಲಿ 38 ಮಂದಿಯ ಜೊತೆ ಕ್ರಿಮಿಯಾ ಯುದ್ಧದ ಸ್ಕುಟಾರಿ ಆಸ್ಪತ್ರೆಗೆ ಹೋದ ಕಥೆ ಎಲ್ಲರಿಗೂ ಗೊತ್ತು. ಅದಕ್ಕಿಂತ ದೊಡ್ಡ ಕೆಲಸ ವಾಪಸ್ ಬಂದ ಮೇಲೆ ಮಾಡಿದರು. ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ರೋಗರುಜಿನದಿಂದ ಸತ್ತಿದ್ದಾರೆ ಅನ್ನೋದನ್ನು ಅಂಕಿಅಂಶ, ಚಿತ್ರನಕ್ಷೆ ಸಮೇತ ಸರ್ಕಾರದ ಮುಂದಿಟ್ಟರು.

ಭಾರತಕ್ಕೆ ಆಕೆ ಒಮ್ಮೆಯೂ ಬರಲಿಲ್ಲ. ಆದರೂ ಇಲ್ಲಿನ ದಂಡುಪ್ರದೇಶಗಳಿಂದ ಮಾಹಿತಿ ತರಿಸಿಕೊಂಡು 1863ರ ರಾಯಲ್ ಕಮಿಷನ್ ವರದಿಗೆ ಟಿಪ್ಪಣಿ ಬರೆದರು. ಬೆಂಗಳೂರಿನ ಹಲಸೂರು ಕೆರೆಗೆ ಬಜಾರಿನ ಚರಂಡಿ ಸೇರುತ್ತೆ, ಅದೇ ನೀರನ್ನು ಜನ ಕುಡೀತಾರೆ ಎಂಬುದು ಅದರಲ್ಲಿತ್ತು. (ಈಗ ಬೆಂಗಳೂರಿನ ಸಂಸ್ಕರಿಸಿದ ಕೊಳಚೆನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಆಕೆ ಇದ್ದಿದ್ದರೆ ಮೊದಲು ಪರೀಕ್ಷಾ ವರದಿ ಕೇಳ್ತಿದ್ದರು.) ಮೈಸೂರು ಸೀಮೆಯನ್ನೂ ಬಡಿದ 1876–78ರ ಬರಗಾಲದ ನಂತರ ನೀರಾವರಿ, ರೈತರ ಸಾಲದ ಬಗ್ಗೆಯೂ ಬರೆದರು. ಸಾಮ್ರಾಜ್ಯ ಇರಲಿ, ಸುಧಾರಿಸಲಿ ಅನ್ನೋದು ಆಕೆಯ ನಿಲುವು. ಅದನ್ನು ಮುಚ್ಚಿಡಬೇಕಿಲ್ಲ.

ನನಗೆ ಮುಖ್ಯ ಅನಿಸೋದು ಶಾಲೆಯ ಕಥೆ. ಜನ ಕೊಟ್ಟ ದೇಣಿಗೆಯಿಂದ 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರುವಾಯಿತು. ಒಂದು ವರ್ಷದ ತರಬೇತಿ. ಊಟ, ವಸತಿ, ಸಮವಸ್ತ್ರ, ಮೇಲೆ ವರ್ಷಕ್ಕೆ 10 ಪೌಂಡ್. ಅನಾರೋಗ್ಯದಿಂದ ಬಹುಪಾಲು ಮನೆಯಲ್ಲೇ ಇದ್ದ ನೈಟಿಂಗೇಲ್ ಶಾಲೆಯನ್ನು ಬೇರೆಯವರಿಗೆ ಬಿಟ್ಟಿದ್ದರು. ಹತ್ತು ವರ್ಷ ಕಳೆದು ಒಳಹೊಕ್ಕು ನೋಡಿದರೆ, ಪಾಠ ಮಾಡಬೇಕಾದ ವೈದ್ಯ ಪಾಠವನ್ನೇ ಬಿಟ್ಟಿದ್ದ. ಕಲಿಯಲು ಬಂದವರು ವಾರ್ಡಿನ ಆಳುಗಳಾಗಿದ್ದರು. ಆಕೆಯ ಹೆಸರಿನ ಶಾಲೆಯಲ್ಲೇ! ಆಮೇಲೆ ಜಾನ್ ಕ್ರಾಫ್ಟ್ ಎಂಬ ಹೊಸ ಶಿಕ್ಷಕರು ಬಂದರು, ಕ್ರಮವಾಗಿ ಪಾಠ ನಡೆಯಿತು. ವಿದ್ಯಾರ್ಥಿನಿಯರನ್ನು ನೈಟಿಂಗೇಲ್ ಒಬ್ಬೊಬ್ಬರಾಗಿ ಮನೆಗೆ ಕರೆಸಿ, ಏನು ಕಲಿತೆ ಅಂತ ಕೇಳಿ ಬರೆದುಕೊಂಡರು. ಇಷ್ಟೆಲ್ಲ ಮಾಡಿದವರು ಮುಂದೆ ನರ್ಸ್‌ಗಳ ಸರ್ಕಾರಿ ನೋಂದಣಿಯನ್ನು ವಿರೋಧಿಸಿದ್ದು ಮಾತ್ರ ತಪ್ಪು ಎಂದೇ ನನ್ನ ಅಭಿಪ್ರಾಯ. ಇಂಗ್ಲೆಂಡಿನಲ್ಲಿ ಆ ಕಾನೂನು ಬಂದದ್ದು 1919ರಲ್ಲಿ.

ಅಷ್ಟೊತ್ತಿಗೆ ಆಕೆ ಇರಲಿಲ್ಲ. 1910ರ ಆಗಸ್ಟ್ 13ರಂದು ತೀರಿಕೊಂಡರು. ಅದೇ ವರ್ಷ ಕೋಲಾರದಲ್ಲಿ ಮೆಥೋಡಿಸ್ಟ್ ಮಿಷನ್ನಿನ ಇಟಿಸಿಎಂ ಆಸ್ಪತ್ರೆ ಶುರುವಾಯಿತು. ನಮ್ಮ ದೇಶದಲ್ಲಿ ನರ್ಸಿಂಗ್‌ಗೆ ಪದವಿ ಬಂದದ್ದು 1946ರಲ್ಲಿ, ದೆಹಲಿ ಮತ್ತು ವೆಲ್ಲೂರಿನಲ್ಲಿ.

ಈಗ ಬಿ.ಎಸ್ಸಿ. ನರ್ಸಿಂಗ್ ನಾಲ್ಕು ವರ್ಷ, ಎಂಟು ಸೆಮಿಸ್ಟರ್. ಅಂಗರಚನೆ, ಸೂಕ್ಷ್ಮಜೀವಿಶಾಸ್ತ್ರ, ಹೆರಿಗೆ, ಮಾನಸಿಕ ಆರೋಗ್ಯ, ಸಮುದಾಯ ಆರೋಗ್ಯ ಎಲ್ಲಾ ಓದಬೇಕು. 2021ರ ಪಠ್ಯಕ್ರಮದಲ್ಲಿ ಥಿಯರಿಯ ಒಂದು ಕ್ರೆಡಿಟ್ ಅಂದ್ರೆ 20 ಗಂಟೆ. ಕ್ಲಿನಿಕಲ್‌ನ ಒಂದು ಕ್ರೆಡಿಟ್‌ಗೆ 80 ಗಂಟೆ. ಅಂದರೆ ಪದವಿಯ ದೊಡ್ಡ ಪಾಲು ಕಳೆಯೋದು ವಾರ್ಡಿನಲ್ಲಿ, ಹಳ್ಳಿ ಪೋಸ್ಟಿಂಗ್‌ನಲ್ಲಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ರೋಗಿ ತೆಲುಗಲ್ಲಿ ನೋವು ಹೇಳ್ತಾರೆ, ಕೇಸ್ ಶೀಟ್ ಇಂಗ್ಲಿಷಲ್ಲಿ ತುಂಬಬೇಕು. ಪಕ್ಕದಲ್ಲಿ ನಿಂತು ಕಲಿಸೋ ಟ್ಯೂಟರ್ ಬೇಕಾಗೋದು ಇಂಥಲ್ಲೇ. ಟ್ಯೂಟರ್ ಇಲ್ಲದೆ ಆ ಹುಡುಗಿ ಇಡೀ ಪಾಳಿ ಬಿಪಿ ನೋಡಿ, ಹಾಸಿಗೆ ಬದಲಿಸಿ, ಸಂಜೆ ಲಾಗ್‌ಬುಕ್‌ಗೆ ಸಹಿ ಹಾಕಿಸಿಕೊಂಡು ಹೋದರೆ ಅದು 1872ರ ಸೇಂಟ್ ಥಾಮಸ್ ವಾರ್ಡೇ. ವ್ಯತ್ಯಾಸ ಒಂದೇ: ಅಲ್ಲಿನ ಹುಡುಗಿಯರಿಗೆ ವರ್ಷಕ್ಕೆ 10 ಪೌಂಡ್ ಸಿಗುತ್ತಿತ್ತು, ಇಲ್ಲಿ ಫೀಸನ್ನು ಅಪ್ಪ ಕಟ್ಟುತ್ತಾರೆ.