ಸಂಬಳ ಮುಟ್ಟದ ಮೇಷ್ಟ್ರು, ಕಣ್ಣಿಗೆ ಕಾಣದ ಬೆಳಕು

ಜಗದೀಶಚಂದ್ರ ಬೋಸ್ ಅಂದ್ರೆ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಕತೆ: ರೇಡಿಯೋ ಕಂಡುಹಿಡಿದರು, ಹೆಸರು ಮಾರ್ಕೋನಿಗೆ ಹೋಯ್ತು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು ಅವರ ಸಂಬಳದ ಜಗಳ.

1858ರಲ್ಲಿ, ಇಂದಿನ ಬಾಂಗ್ಲಾದೇಶದಲ್ಲಿ ಹುಟ್ಟಿದವರು. ಅಪ್ಪ ಸರ್ಕಾರಿ ಅಧಿಕಾರಿ. ಆದರೂ ಮಗನನ್ನು ಕಳಿಸಿದ್ದು ಬಂಗಾಳಿ ಶಾಲೆಗೆ. ಅಲ್ಲಿ ಪಕ್ಕದಲ್ಲಿ ಕೂರುತ್ತಿದ್ದವರು ಮುಸ್ಲಿಂ ಜವಾನನ ಮಗ, ಮೀನುಗಾರನ ಮಗ. ಮುಂದೆ ಕೇಂಬ್ರಿಡ್ಜ್‌ನಲ್ಲಿ ಓದಿ, 1885ರಲ್ಲಿ ಕೋಲ್ಕತ್ತದ ಪ್ರೆಸಿಡೆನ್ಸಿ ಕಾಲೇಜಿಗೆ ಮೇಷ್ಟ್ರಾಗಿ ಬಂದರು.

ಅಲ್ಲಿ ಭಾರತೀಯರಿಗೆ ಬಿಳಿಯರ ಸಂಬಳದ ಮೂರನೇ ಎರಡು ಭಾಗ. ಬೋಸ್‌ರದ್ದು ತಾತ್ಕಾಲಿಕ ಹುದ್ದೆ ಅಂತ ಅದರಲ್ಲೂ ಅರ್ಧ! ಅವರು ಪಾಠ ಬಿಡಲಿಲ್ಲ, ಸಂಬಳ ಮುಟ್ಟಲಿಲ್ಲ. ಮೂರು ವರ್ಷ. ಮನೇಲಿ ಅಪ್ಪನ ಸಾಲ ಬೇರೆ. ಕೊನೆಗೆ ಸರ್ಕಾರವೇ ಬಗ್ಗಿ, ಬಾಕಿ ಸಮೇತ ಪೂರ್ತಿ ಸಂಬಳ ಕೊಟ್ಟಿತು. ನಮ್ಮ ಅತಿಥಿ ಉಪನ್ಯಾಸಕರಿಗೆ ಈ ಕತೆ ಹೊಸದಲ್ಲ. ಆದರೆ ಮೂರು ವರ್ಷ ಕಾಯೋ ತಾಕತ್ತು ಎಲ್ಲರಿಗೂ ಇರಲ್ಲ, ಅದನ್ನೂ ಹೇಳಬೇಕು.

ಸರಿಯಾದ ಲ್ಯಾಬ್ ಇರಲಿಲ್ಲ. ಪುಟ್ಟ ಕೋಣೆಯಲ್ಲಿ, ಊರಿನ ತಗಡು ಕೆಲಸದವನಿಂದ ಉಪಕರಣ ಮಾಡಿಸಿಕೊಂಡರು. 1895ರಲ್ಲಿ ಕೋಲ್ಕತ್ತದ ಜನರೆದುರು, ಕಾಣದ ಅಲೆಗಳನ್ನು ಗೋಡೆ ದಾಟಿಸಿ ದೂರದ ಗಂಟೆ ಬಾರಿಸಿದರು, ಸಿಡಿಮದ್ದು ಸಿಡಿಸಿದರು. ರಿಮೋಟ್ ಕಂಟ್ರೋಲ್ ಅಂದ್ರೆ ಇದೇ ಅಲ್ವಾ?

ಈಗ ಬಗದಲ್‌ನಲ್ಲಿ ಕೂತು ಹಳೇ ಟಿವಿ ರಿಮೋಟ್‌ನಿಂದ ಬಲ್ಬ್ ಹಚ್ಚಬಹುದು. ಮೂರು ಕಾಲಿನ ರಿಸೀವರ್, ಒಂದು ಆರ್ಡುಯಿನೋ ಬೋರ್ಡ್ ಸಾಕು. ರಿಮೋಟ್ ಬಿಡೋದು ಸೆಕೆಂಡಿಗೆ ಸುಮಾರು 38,000 ಸಲ ಮಿಟುಕುವ ಇನ್‌ಫ್ರಾರೆಡ್ ಬೆಳಕು. ಹೆಚ್ಚು ಬಳಕೆಯಲ್ಲಿರುವ ಎನ್‌ಇಸಿ ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡ್ ಮಿಟುಕು, 4.5 ಮಿಲಿಸೆಕೆಂಡ್ ಮೌನ, ಆಮೇಲೆ 32 ಬಿಟ್. ಒಂದೊಂದು ಬಿಟ್‌ಗೂ 0.56 ಮಿಲಿಸೆಕೆಂಡ್ ಮಿಟುಕು. ನಂತರದ ಮೌನ ಅಷ್ಟೇ ಇದ್ರೆ 0, ಮೂರು ಪಟ್ಟು ಇದ್ರೆ 1. ಬೋರ್ಡ್ ಅಳೆಯೋದು ಈ ಮೌನಗಳನ್ನೇ. ಗುಂಡಿಯ ಸಂಖ್ಯೆ ಒಮ್ಮೆ ನೇರವಾಗಿ, ಒಮ್ಮೆ 0 ಮತ್ತು 1 ಅದಲುಬದಲಾಗಿ ಬರುತ್ತೆ. ತಾಳೆ ಆಗದಿದ್ರೆ ಸಂಕೇತ ಕೆಟ್ಟಿದೆ ಅಂತರ್ಥ.

ಆ ರಿಸೀವರ್‌ನೊಳಗಿರೋದು ಅರೆವಾಹಕ. ಅಂಥ ವಸ್ತುವಿನಿಂದ, ಸೀಸದ ಅದಿರಾದ ಗಲೀನಾದಿಂದ, ರೇಡಿಯೋ ಅಲೆಯನ್ನೂ ಬೆಳಕನ್ನೂ ಹಿಡಿಯುವ ಸಾಧನವನ್ನು ಬೋಸ್ ಮಾಡಿದ್ದರು. 1901ರಲ್ಲಿ ಅರ್ಜಿ, 1904ರಲ್ಲಿ ಅಮೆರಿಕದ ಪೇಟೆಂಟ್. ಅದೂ ಗೆಳೆಯರ ಒತ್ತಾಯಕ್ಕೆ. ಅವರಿಗೆ ಪೇಟೆಂಟ್ ಅಂದ್ರೇ ಆಗ್ತಿರಲಿಲ್ಲ. 1917ರಲ್ಲಿ ಬೋಸ್ ಇನ್‌ಸ್ಟಿಟ್ಯೂಟ್ ಕಟ್ಟಿದಾಗ, ಅಲ್ಲಿನ ಶೋಧಗಳು ಎಲ್ಲರ ಸ್ವತ್ತು, ಪೇಟೆಂಟ್ ತೆಗೆಯೋ ಹಾಗಿಲ್ಲ ಎಂದು ಸಾರಿದರು. 1937ರಲ್ಲಿ ಗಿರಿಡೀಹ್‌ನಲ್ಲಿ ತೀರಿಕೊಂಡರು.