ರಾಗಿ ಲಕ್ಷ್ಮಣಯ್ಯ ಮತ್ತು ನಮ್ಮ ಬಿಳಿಜೋಳ

ರೋಣ, ನರಗುಂದ, ಗಜೇಂದ್ರಗಡದ ಎರಿ ಹೊಲಗಳಲ್ಲಿ ರಾಗಿ ಹುಡುಕಿದರೆ ಸಿಗೋದು ಕಷ್ಟ. ನಮ್ಮದೇನಿದ್ದರೂ ಹಿಂಗಾರಿ ಜೋಳ, ಕಡಲೆ. ಆದರೂ ಮಂಡ್ಯದ ರಾಗಿ ಹೊಲದಲ್ಲಿ ಆಯುಷ್ಯ ಸವೆಸಿದ ಒಬ್ಬ ಮನುಷ್ಯನ ಕತೆ ನಮಗೂ ಬೇಕು.

ಲಕ್ಷ್ಮಣಯ್ಯ ಹುಟ್ಟಿದ್ದು 1921ರಲ್ಲಿ, ಮೈಸೂರು ಬಳಿಯ ಹಾರೋಹಳ್ಳಿಯಲ್ಲಿ. ಸರ್ಕಾರಗಳು ಭತ್ತ, ಗೋಧಿಯ ಹಿಂದೆ ಬಿದ್ದಿದ್ದ ಕಾಲದಲ್ಲಿ ಅವರು ಬಡವರ ಕಾಳು ಹಿಡಿದರು. ರಾಗಿ ಹೂವು ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ಬೆಳಗಿನ ಜಾವ ಅರಳಿ ತನ್ನ ಪರಾಗವನ್ನೇ ತಾನು ತಗೊಂಡುಬಿಡುತ್ತೆ. ನಾವು ಏಳುವಷ್ಟರಲ್ಲಿ ಎಲ್ಲ ಮುಗಿದಿರುತ್ತೆ! ಅಂಥ ಗಿಡದಲ್ಲಿ ಬೇರೆ ತಳಿಯ ಪರಾಗ ಕೂಡಿಸೋದು, ಸಾವಿರಾರು ಸಸಿ ಬೆಳೆಸೋದು, ಒಂದೊಂದನ್ನೂ ಕಣ್ಣಲ್ಲೇ ಅಳೆದು ಆರಿಸೋದು. ಇದೇ ಅವರ ದಿನಚರಿ. ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳು ಹೀಗೆ ಬಂದವು. ಆಮೇಲೆ ಆಫ್ರಿಕಾದ ರಾಗಿಯನ್ನು ನಮ್ಮದರ ಜೊತೆ ಕೂಡಿಸಿದರು. ಇಂಡಿಯಾ, ಆಫ್ರಿಕಾ ಸೇರಿ ಇಂಡಾಫ್. ಹಳೇ ಮೈಸೂರಿನ ಒಣಹೊಲಗಳಲ್ಲಿ ರಾಗಿಯ ಇಳುವರಿ ಏರಿತು, ಅವರ ಹೆಸರಿನ ಮುಂದೆ ರಾಗಿ ಅಂಟಿಕೊಂಡಿತು. 1993ರಲ್ಲಿ ತೀರಿಕೊಂಡರು. ಅವರ ಬೀಜ ಸಾರ್ವಜನಿಕ ದುಡ್ಡಿನಲ್ಲಿ ಹುಟ್ಟಿದ್ದು. ರೈತ ಅದನ್ನು ಕಣಜದಲ್ಲಿಟ್ಟು ಮರುವರ್ಷ ಬಿತ್ತಬಹುದಿತ್ತು. ನನಗೆ ತಳಿಗಳ ಪಟ್ಟಿಗಿಂತ ಇದು ದೊಡ್ಡದು ಅನ್ನಿಸುತ್ತೆ.

ಈಗ ಆರಿಸುವ ಕೆಲಸಕ್ಕೆ ಡಿಎನ್‌ಎ ಗುರುತುಗಳಿವೆ. ಬರ ಬರೋತನಕ ಕಾಯಬೇಕಿಲ್ಲ, ಸಸಿಯ ಎಲೆ ಚೂರು ಸಾಕು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಬರ ತಡೆಯುವ ಎಂಎಲ್-365 ರಾಗಿಯ ಜೀನೋಮ್ ಅನ್ನು 2017ರಲ್ಲಿ ಪ್ರಕಟಿಸಿದರು. ಜೋಳದಲ್ಲೂ ದಾರಿ ಗೊತ್ತಿದೆ. ತೆನೆ ಕಾಳು ಕಟ್ಟುವಾಗ ನೆಲದ ಹಸಿ ಆರಿದರೂ ಎಲೆ ಹಸಿರಾಗಿಯೇ ಉಳಿಯುವ ಗುಣ ಇಥಿಯೋಪಿಯಾ ಮೂಲದ ಜೋಳದಲ್ಲಿದೆ. ಅದರ ಹಿಂದಿನ ನಾಲ್ಕು ಮುಖ್ಯ ಜೀನ್ ಭಾಗಗಳನ್ನು ಗುರುತಿಸಲಾಗಿದೆ. ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಇವನ್ನು ಬೇರೆ ತಳಿಗಳಿಗೆ ದಾಟಿಸುವ ಕೆಲಸ ಮಾಡಿದೆ. ಹಿಂಗಾರಿ ಜೋಳ ಸಾಯೋದು ಸರಿಯಾಗಿ ಆ ಹೊತ್ತಿಗೇ ಅಲ್ಲವಾ?

ನೀರಿನ ಕರ ವಿರೋಧಿಸಿ 1980ರಲ್ಲಿ ನರಗುಂದ ಎದ್ದು ನಿಂತಿತು. ಮಹದಾಯಿಗಾಗಿ ವರ್ಷಗಟ್ಟಲೆ ಧರಣಿ ನಡೆದಿದೆ. ಬೀಜ ಯಾರದು, ಸಂಶೋಧನೆಗೆ ದುಡ್ಡೆಷ್ಟು ಅಂತ ಅಲ್ಲಿ ಯಾರೂ ಮೈಕ್ ಹಿಡಿದು ಕೇಳಿದ್ದು ನನಗೆ ನೆನಪಿಲ್ಲ. ನಮ್ಮ ಹೊಲದ ಎಂ 35-1 ಜೋಳ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ, ರೈತರದೇ ಮಾಲದಂಡಿಯಿಂದ ಆರಿಸಿದ್ದು, 1930ರ ದಶಕದಲ್ಲಿ. ಇವತ್ತಿಗೂ ಅದನ್ನೇ ಬಿತ್ತುತ್ತೇವೆ.